ಉಡಿಗೆ ಬಿದ್ದ ಕೀಲಿಕೈ

ಬ್ಯಾಡಗಿಯವರ ಮೂಗಿನ ವಿಷಯ ನಿಮಗೆ ಗೊತ್ತೇ ಇದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಹೊರಗಿನವರು ಬಸ್ಸಿನಿಂದ ಇಳಿಯುತ್ತಲೇ ಸೀನತೊಡಗುತ್ತಾರೆ. ನಾವು ಮಾತ್ರ ಚೀಲಕ್ಕೆ ಒರಗಿ ಆರಾಮಾಗಿ ಚಹಾ ಕುಡಿಯುತ್ತೇವೆ. ಘಾಟು ನಮಗೆ ಅಷ್ಟು ರೂಢಿ. ಈ ಕಥೆಯಲ್ಲಿ ಒಬ್ಬರು ದೊಡ್ಡ ಮನುಷ್ಯರು ಸಿಕ್ಕಿಬಿದ್ದದ್ದೂ ಆ ಮೂಗಿನಿಂದಲೇ.

ನಮ್ಮ ಓಣಿಯ ಹೊಳಿಯವ್ವನ ಮನೆಯಿಂದ ಶುರು ಮಾಡುತ್ತೇನೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮೆಣಸಿನಕಾಯಿ ತೊಟ್ಟು ಬಿಡಿಸಿ ಹೊಟ್ಟೆ ಹೊರೆಯುತ್ತಾಳೆ. ಇರುವುದು ಒಂದೇ ಖೋಲಿ. ಆ ಖೋಲಿಗೆ ದೇವರಗುಡ್ಡದ ಕಡೆಯಿಂದ ಅವಳ ತಂಗಿಯ ಮಗಳು ಸುಶ್ಮಿತಾ ಓಡಿ ಬಂದಳು. ತುಂಬು ಬಸುರಿ. ಕೈಯಲ್ಲೊಂದು ಬಟ್ಟೆಯ ಗಂಟು, ಕಣ್ಣಿನ ಕೆಳಗೆ ಬಾವು. ಗಂಡ ಮಾಂತೇಶ ಕುಡಿದು ಹೊಡೆಯುವವನು. ಈಗೀಗ ಹೊಟ್ಟೆಯ ಮೇಲೂ ಒದೆಯತೊಡಗಿದ್ದ.

ಮಾಂತೇಶ ಹಿಂದೆಯೇ ಬಂದ. ದೀಪ ಹಚ್ಚುವ ಹೊತ್ತಿಗೆ ತಗಡಿನ ಬಾಗಿಲಿಗೆ ಒದ್ದ. ಚಿಲಕ ಕಿತ್ತು ಬಂತು. ಓಣಿಯವರೆಲ್ಲ ಸೇರಿ ಅವನನ್ನು ಹೊರಗೆ ದಬ್ಬಿದೆವು.

"ಮತ್ತ ಬರ್ತೇನಿ. ಎಷ್ಟ ದಿನಾ ಕಾಯ್ತೀರಿ ನೋಡ್ತೇನಿ" ಎಂದು ಹೋದ.

ಮಗ್ಗುಲ ಮನೆಯ ಮುಸ್ಕಾನ್ ಮಾರುಕಟ್ಟೆಯಲ್ಲಿ ಕೂಲಿ ಮಾಡುವ ಹುಡುಗಿ. ಅವಳೇ ಹಾದಿ ಹೇಳಿದಳು. "ಅಕ್ಕಾ, ಹೆಣ್ಣುಮಕ್ಕಳ ಆಸರೆಮನಿ ಐತಲ್ಲ, ಅಲ್ಲಿಗೆ ಕರಕೊಂಡು ಹೋಗು. ಗಟ್ಟಿ ಬಾಗಲಾ, ಕಾವಲುಗಾರ, ಎಲ್ಲಾ ಐತಿ. ಇಂಥವರ ಸಲುವಾಗೇ ಕಟ್ಟ್ಯಾರ."

ಖರೇ ಮಾತು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿ ತನ್ನ ಸಮಾಜಸೇವೆಯ ನಿಧಿಯಿಂದ ಆ ಮನೆ ಕಟ್ಟಿಸಿತ್ತು. ನಡೆಸುವ ಜವಾಬ್ದಾರಿ ನಮ್ಮೂರಿನ ಪ್ರಭುಲಿಂಗಪ್ಪನವರ ಸಂಸ್ಥೆಯದು. ಹೊಳಿಯವ್ವ ಸುಶ್ಮಿತಾಳನ್ನು ಕರೆದುಕೊಂಡು ಹೋದಳು. ಕಾವಲುಗಾರ ಬಾಗಿಲನ್ನು ಒಂದು ಗೇಣೂ ತೆರೆಯಲಿಲ್ಲ. "ಜಾಗಾ ಇಲ್ಲ, ಫುಲ್ ಐತಿ" ಎಂದ. ಇಬ್ಬರೂ ಬಿಸಿಲಲ್ಲಿ ವಾಪಸ್ ಬಂದರು.

"ಫುಲ್ ಐತಿ, ಸುಳ್ಳಲ್ಲ" ಎಂದಳು ಮುಸ್ಕಾನ್. "ಆದರ ಹೆಣ್ಣುಮಕ್ಕಳಿಂದ ಅಲ್ಲ, ಮೆಣಸಿನಕಾಯಿ ಚೀಲದಿಂದ. ಮನೀನ ಗೋದಾಮು ಮಾಡಿ ಬಾಡಿಗಿಗೆ ಕೊಟ್ಟಾರ. ಗಾಡಿಯಿಂದ ಇಳಿಸೂದು ನಾನ ಕಣ್ಣಾರೆ ನೋಡೇನಿ."

"ಬಾಯಿ ಮುಚ್ಚು! ಅವರು ನನ್ನ ಉಡಿ ತುಂಬ್ಯಾರ" ಎಂದು ಹೊಳಿಯವ್ವ ಗದರಿದಳು.

ಆ ಉಡಿಯ ಸಂಗತಿ ಹೇಳಲೇಬೇಕು. ನಮ್ಮ ಕಡೆ ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಉಡಿ ತುಂಬುತ್ತಾರೆ. ಗಂಡ ಸತ್ತವಳನ್ನು ಆ ಸಾಲಿನಲ್ಲಿ ಕೂರಿಸುವುದಿಲ್ಲ. ಅವಳು ಬಾಗಿಲ ಹಿಂದೆ ನಿಂತು ನೋಡಬೇಕು. ಆಸರೆಮನೆ ಶುರುವಾದ ದಿನ ಪ್ರಭುಲಿಂಗಪ್ಪನವರ ಸಂಸ್ಥೆ ಇಂಥ ಹೆಣ್ಣುಮಕ್ಕಳನ್ನೇ ಸಾಲಾಗಿ ಕೂರಿಸಿ ಉಡಿ ತುಂಬಿಸಿತು. ಹೊಳಿಯವ್ವ ಅಂದು ಅತ್ತದ್ದನ್ನು ನಾನು ಮರೆತಿಲ್ಲ, ನಾನೂ ಅತ್ತೆ. ಅದು ಒಳ್ಳೆಯ ಕೆಲಸವೇ. ಆದರೆ ಉಡಿಗೆ ಬಿದ್ದದ್ದನ್ನು ಕೊಟ್ಟವರೆದುರು ಬಿಚ್ಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಸೆರಗು ಸುತ್ತಿಕೊಂಡು ಕೈ ಮುಗಿದು ಏಳಬೇಕು. ನಾವು ಆ ಮನೆಯನ್ನೂ ಹಾಗೆಯೇ ತೆಗೆದುಕೊಂಡೆವು, ಕೈ ಮುಗಿದು ಎದ್ದುಬಿಟ್ಟೆವು.

ಆ ವಾರ ನಮ್ಮ ಸ್ವಸಹಾಯ ಸಂಘದ ಸಭೆಗೆ ಹಾವೇರಿಯಿಂದ ವಕೀಲೆ ಶ್ರೀವಾಣಿ ಅಕ್ಕಾರು ಬಂದರು. ಆಗಾಗ ಬಂದು ಕಾಯ್ದೆಯ ವಿಷಯ ತಿಳಿಸಿ ಹೇಳುತ್ತಾರೆ. ಸುಶ್ಮಿತಾಳ ಮುಖ ನೋಡಿದ ಕೂಡಲೇ ಮೊದಲು ಅವಳಿಂದ ಪೊಲೀಸರಿಗೆ ದೂರು ಕೊಡಿಸಿದರು. ಹಾವೇರಿಯ ಸರ್ಕಾರಿ ಆಶ್ರಯ ಕೇಂದ್ರಕ್ಕೆ ಕರೆದೊಯ್ಯುತ್ತೇನೆ ಎಂದರು. ಹುಡುಗಿ ದೊಡ್ಡವ್ವನ ಸೆರಗು ಬಿಡಲಿಲ್ಲ. ಹೆರಿಗೆಯ ಹೊತ್ತಿಗೆ ಅವಳಿಗೆ ಇರುವುದು ಆ ಒಂದೇ ಜೀವ.

"ಹಂಗಾರ ಇಲ್ಲಿಯ ಮನಿ ಬಾಗಲಾನ ತೆಗಸಬೇಕು. ಕಂಪನಿಯವರನ್ನ ಕೇಳೋಣ" ಎಂದರು ಅಕ್ಕಾರು.

ಹೊಳಿಯವ್ವ ಗಾಬರಿಯಾದಳು. "ಯಕ್ಕಾರ, ದಾನಾ ಕೊಟ್ಟವರನ್ನ ಹೆಂಗ ಕೇಳೂದ್ರಿ? ಸಿಟ್ಟಿಗೆದ್ದು ಇದ್ದದ್ದನ್ನೂ ಕಸಗೊಂಡ್ರ?"

"ಕಂಪನಿ ಹೊಲದಾಗ ನೀವು ಕೆಲಸಾ ಮಾಡೀರೇನು?"

"ಹೂಂನ್ರಿ, ಬೀಜದ ಹೊಲದಾಗ ಎಷ್ಟ ವರ್ಷಾ ದುಡದೇನಿ."

"ಆ ಲಾಭದಾಗ ನಿಮ್ಮ ಬೆವರೂ ಅದ. ದೊಡ್ಡ ಕಂಪನಿಗಳು ಲಾಭದ ಒಂದು ಪಾಲು ಸಮಾಜದ ಕೆಲಸಕ್ಕ ಖರ್ಚು ಮಾಡಬೇಕಂತ ಕಾಯ್ದೆ ಅದ. ಕೊಟ್ಟು ಕೈ ತೊಳಕೊಂಡ್ರ ಆಗಂಗಿಲ್ಲ. ಆ ರೊಕ್ಕ ಹೇಳಿದ ಕೆಲಸಕ್ಕ ಹೋತೇನು ಅಂತ ನೋಡೂದೂ ಅವರದ ಜವಾಬ್ದಾರಿ. ಗುರುವಾರ ಅವರ ಕಮಿಟಿಯವರು ನೋಡಾಕ ಬರ್ತಾರಂತ."

"ಅವರು ದೊಡ್ಡ ಮಂದಿ. ನೋಡಕೊಂಡು ಹೋಗ್ತಾರ ತಗೋರಿ."

"ತೋರಿಸಿದ್ದನ್ನ ನೋಡಕೊಂಡು ಹೋಗ್ತಾರ ಹೊಳಿಯವ್ವಾರ. ತೋರಿಸದ ಇದ್ದದ್ದನ್ನ ನೀವು ಹೇಳಬೇಕು. ನೀವು ಹೇಳಲಿಲ್ಲಂದ್ರ ಅವರಿಗೆ ಯಾರು ಹೇಳ್ತಾರ?"

ಮಾಂತೇಶನ ಕಣ್ಣಿಗೆ ಬೀಳದಂತೆ ನಾವು ಸುಶ್ಮಿತಾಳನ್ನು ಒಂದೊಂದು ದಿನ ಒಂದೊಂದು ಮನೆಯಲ್ಲಿ ಮಲಗಿಸಿದೆವು.

ಗುರುವಾರದ ಹಿಂದಿನ ದಿನ ಸಂಸ್ಥೆಯಿಂದ ಹೇಳಿಕೆ ಬಂತು. ಮರುದಿನ ಎಲ್ಲ ಹೆಣ್ಣುಮಕ್ಕಳೂ ಒಳ್ಳೆಯ ಸೀರೆ ಉಟ್ಟು ಬಂದು ಆಸರೆಮನೆಯಲ್ಲಿ ಕೂರಬೇಕು, ಫೋಟೊ ಇದೆ, ಹೋಳಿಗೆ ಊಟ ಇದೆ. ಹೋದೆವು. ಸುಶ್ಮಿತಾಳನ್ನೂ ನಡುವೆ ಕೂರಿಸಿಕೊಂಡೆವು. ಅಬ್ಬಾ, ಏನು ಥಳಥಳ! ಚೀಲಗಳೆಲ್ಲ ಮಾಯ. ಸಾಲಾಗಿ ಮಂಚ, ಹೊಸ ಹಾಸಿಗೆ, ನೆಲ ಸಾರಿಸಿ ರಂಗೋಲಿ. ಪ್ರಭುಲಿಂಗಪ್ಪನವರು ಮೂಲೆ ಮೂಲೆ ನೋಡಿ ಎಲ್ಲ ಸರಿ ಇದೆ ಎಂದು ತಲೆಯಾಡಿಸಿದರು. ಅವರದೂ ಬ್ಯಾಡಗಿಯ ಮೂಗು.

ಕಂಪನಿಯಿಂದ ಇಬ್ಬರು ಬಂದರು. ಒಬ್ಬರು ಮೇಧಾ ಮೇಡಂ, ಇನ್ನೊಬ್ಬರು ವಯಸ್ಸಾದ ಕೃಷ್ಣಾಜಿ ಸಾಹೇಬರು. ಹೊಸ್ತಿಲು ದಾಟಿದ್ದೇ ತಡ, ಮೇಡಂ ಒಮ್ಮೆ ಸೀನಿದರು. ಸಾಹೇಬರು ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು.

"ಒಳಗ ಒಗ್ಗರಣಿ ಹಾಕ್ಯಾರ್ರಿ" ಎಂದರು ಪ್ರಭುಲಿಂಗಪ್ಪ.

"ಸ್ವಲ್ಪ ಗಾಳಿ ಆಡಲಿ" ಎಂದು ಮೇಡಂ ಗೋಡೆಯ ಮೇಲಿನ ಬಟನ್ ಒತ್ತಿದರು. ಫ್ಯಾನು ತಿರುಗಿತು. ರೆಕ್ಕೆಯ ಮೇಲೆ ಕೂತಿದ್ದ ಕೆಂಪು ಪುಡಿಯೆಲ್ಲ ಹೊಸ ಹಾಸಿಗೆಯ ಮೇಲೆ, ಸಾಹೇಬರ ಬಿಳಿ ಅಂಗಿಯ ಮೇಲೆ ಉದುರಿತು. ಆಮೇಲೆ ಅವರಿಬ್ಬರ ಕೆಮ್ಮು ಕೇಳಬೇಕಿತ್ತು. ಮುಸ್ಕಾನ್ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಮೇಡಂ ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದರು. "ನಿನ್ನೆ ಇಲ್ಲಿ ಯಾರ್ ಯಾರು ಮಲಗಿದ್ರಿ?"

ನಾವೆಲ್ಲ ಪ್ರಭುಲಿಂಗಪ್ಪನವರ ಮುಖ ನೋಡಿದೆವು. ಹೊಳಿಯವ್ವ ಮಾತ್ರ ಸುಶ್ಮಿತಾಳನ್ನು ನೋಡಿದಳು. ಹುಡುಗಿ ಆ ಹೊಸ ಮಂಚದ ಕಡೆಗೇ ನೋಡುತ್ತಿದ್ದಳು. ಹೊಳಿಯವ್ವ ಗೋಡೆ ಹಿಡಿದು ಎದ್ದು ನಿಂತಳು.

"ಯಾರೂ ಮಲಗಿಲ್ರಿ. ಚೀಲಾ ಮಲಗಿದ್ವು."

"ಏ ಹೊಳಿಯವ್ವಾ!" ಎಂದರು ಪ್ರಭುಲಿಂಗಪ್ಪ. "ನಿನ್ನ ಉಡಿ ತುಂಬಿಸಿದವರು ಯಾರು, ಮರತಿಯೇನು?"

"ಮರತಿಲ್ರಿ ಸಾವ್ಕಾರ್ರ. ಸಾಯೂತನಕ ಮರಿಯಂಗಿಲ್ಲ. ಆದರ ಈ ಬಸುರಿ ಹುಡುಗಿ ಬಂದು ನಿಂತಾಗ ಬಾಗಲಾ ತೆರೀಲಿಲ್ಲ, ಅದನ್ನೂ ಮರಿಯಂಗಿಲ್ರಿ. ಇಕಿಗೆ ಅಕ್ಕಿ ಬ್ಯಾಡ, ಕಣಾ ಬ್ಯಾಡ. ಒಳಗಿಂದ ಹಾಕ್ಕೊಳ್ಳಾಕ ಒಂದು ಚಿಲಕಾ ಬೇಕ್ರಿ."

ಈಗ ನಮ್ಮನ್ನು ಹೊರಗೆ ಕಳಿಸುತ್ತಾರೆ ಎಂದೇ ನಾನು ತಿಳಿದೆ. ಆದರೆ ಕೃಷ್ಣಾಜಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಮೇಧಾ ಮೇಡಂ ಚಪ್ಪಲಿ ಬಿಟ್ಟು ಬಂದು ಹೊಳಿಯವ್ವನ ಮುಂದೆ ನೆಲದ ಮೇಲೆಯೇ ಕುಳಿತರು. ಮದುವೆ ಮನೆಯಲ್ಲಿ ಎದುರು ಬಂದರೆ ಜನ ಮುಖ ತಿರುಗಿಸುವ ನಮ್ಮ ಹೊಳಿಯವ್ವ, ಅವಳ ಮಾತಿಗೆ ಒಂದು ಕಂಪನಿ ಎದ್ದು ನಿಂತಿತ್ತು! ಇಂಥದ್ದು ನೋಡಲಿಕ್ಕೂ ಪುಣ್ಯ ಬೇಕು.

"ಸುಗ್ಗಿ ಅಲ್ರಿ, ನಾಲ್ಕ ದಿನದ ಮಟ್ಟಿಗೆ..." ಎಂದು ಪ್ರಭುಲಿಂಗಪ್ಪ ರಾಗ ತೆಗೆದರು.

"ನಿಮ್ಮ ವಿಚಾರಣೆ ಬ್ಯಾರೆ ಆಗ್ತದ್ರಿ. ಮುಗಿಯೂತನಕ ನಿಮ್ಮ ಸಂಸ್ಥೆಗೆ ನಿಧಿ ಬರಂಗಿಲ್ಲ" ಎಂದರು ಸಾಹೇಬರು. ಆಮೇಲೆ ನಮ್ಮ ಕಡೆ ತಿರುಗಿದರು. "ತಪ್ಪು ನಮ್ಮದೂ ಅದ. ಬರ್ತೀವಿ ಅಂತ ಹೇಳಿ ಬರ್ತಿದ್ವಿ, ತೋರಿಸಿದ್ದನ್ನ ನೋಡಿ ಹೋಗ್ತಿದ್ವಿ. ಇನ್ನ ಮ್ಯಾಲೆ ಹೇಳದ ಬರ್ತೀವಿ. ಬಂದು ಮೊದಲ ನಿಮ್ಮನ್ನ ಕೇಳ್ತೀವಿ. ಈ ಮನಿ ಮೇಲ್ವಿಚಾರಣಿ ಕಮಿಟಿಯೊಳಗ ನಿಮ್ಮ ಓಣಿ ಹೆಣ್ಣುಮಕ್ಕಳು ಇರಬೇಕು."

ಮೇಡಂ ಕಾವಲುಗಾರನಿಂದ ಕೀಲಿಕೈ ಇಸಿದುಕೊಂಡರು. "ಹೊಳಿಯವ್ವಾರ, ಇದು ನಿಮ್ಮ ಹತ್ರ ಇರಲಿ."

ಹೊಳಿಯವ್ವ ರೂಢಿಯಂತೆ ಸೆರಗು ಒಡ್ಡಿದಳು. ಕೀಲಿಕೈ ಉಡಿಗೆ ಬಿತ್ತು. ಅವಳು ಸೆರಗು ಸುತ್ತಿಕೊಂಡು ಕೈ ಮುಗಿದಳು. ಹೊರಟವಳು ಹಾಗೇ ನಿಂತಳು. ಎಲ್ಲರೆದುರೇ ಸೆರಗು ಬಿಚ್ಚಿದಳು, ಕೀಲಿಕೈ ತೆಗೆದಳು, ತಿರುಗಿಸಿ ಮುರುಗಿಸಿ ನೋಡಿದಳು. ಬಾಗಿಲಿಗೆ ಹೋಗಿ ಬೀಗಕ್ಕೆ ಹಾಕಿ ತಿರುವಿದಳು. ಒಳಗಿನ ಚಿಲಕವನ್ನೂ ಸರಿಸಿ ಎಳೆದು ನೋಡಿದಳು.

"ಗಟ್ಟಿ ಐತ್ರಿ" ಎಂದಳು ಮೇಡಂ ಕಡೆ ತಿರುಗಿ. "ಬಾ ಸುಶ್ಮಿತಾ, ಇನ್ನ ಇಲ್ಲೇ ಮಲಗು."

ಎರಡು ದಿನ ಗೋಡೆ, ಫ್ಯಾನು ತೊಳೆದೆವು. ಮಾಂತೇಶ ಒಂದು ಸಂಜೆ ಬಂದು ಆ ಬಾಗಿಲಿಗೂ ಒದ್ದ. ಚಿಲಕ ಕದಲಲಿಲ್ಲ. ಪೊಲೀಸರು ಬಂದು ಅವನನ್ನು ಹಿಡಿದೊಯ್ಯುವವರೆಗೂ ಸುಶ್ಮಿತಾ ಒಳಗೆ ದೊಡ್ಡವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಮಗಳು ಈಗ ಆ ಮನೆಯ ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ.

ಅಕ್ಕಂದಿರೇ, ತಂಗಿಯರೇ, ನಿಮ್ಮ ಊರಲ್ಲೂ ಯಾವುದೋ ಕಂಪನಿಯ ಹೆಸರು ಬರೆದ ಮನೆಯೋ, ಹೊಲಿಗೆ ಕೇಂದ್ರವೋ, ಆಸ್ಪತ್ರೆ ಗಾಡಿಯೋ ಇರಬಹುದು. ಅದು ಯಾರ ಸಲುವಾಗಿ ಬಂದಿದೆ ಎಂದು ಕೇಳಿ. ಒಳಗೆ ಹೋಗಿ ನೋಡಿ. ಬಾಗಿಲು ತೆರೆಯದಿದ್ದರೆ ಸಂಘದವರೆಲ್ಲ ಸೇರಿ ಕಂಪನಿಗೇ ತಿಳಿಸಿ. ತಿಳಿದುಕೊಳ್ಳುವುದು ಅವರಿಗೂ ಬೇಕಾಗಿದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಕೊಟ್ಟವರಿಗೆ ಕೈ ಮುಗಿಯುವುದು ನಮ್ಮ ಸಂಸ್ಕಾರ, ಅದನ್ನು ಬಿಡುವುದು ಬೇಡ. ಕೈ ಮುಗಿದ ಮೇಲೆ ಉಡಿ ಬಿಚ್ಚಿ ನೋಡಿ.