ಮೂರು ಬೆರಳಿನ ಪದ್ಯ

ನಾಲ್ಕು ಸಾಲಿನ ಒಂದು ಪದ್ಯದ ಮೇಲೆ ಹದಿನಾಲ್ಕು ಪುಟ ಬರೆಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಪುಟ್ಟಿ ಬರೆದಿದ್ದಳು. ಪುಟ್ಟಿ ಎಂಬುದು ಅಕ್ಕ ಕರೆಯುವ ಹೆಸರು. ನಮಗೂ ಅಷ್ಟೇ ಸಾಕು. ವಿಶ್ವವಿದ್ಯಾಲಯದ ತಮಿಳು ವಿಭಾಗದಲ್ಲಿ ಎಂ.ಎ. ಎರಡನೇ ವರ್ಷ. ಕೊನೆಯ ಸೆಮಿಸ್ಟರಿಗೆ ನೂರು ಪುಟದ ಪ್ರಬಂಧ ಒಪ್ಪಿಸಬೇಕು, ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೂತು ಅದನ್ನು ಸಮರ್ಥಿಸಿಕೊಳ್ಳಬೇಕು. ಅಲ್ಲಿ ಮೊದಲ ದರ್ಜೆ ಬಂದವರಿಗೆ ಮಾತ್ರ ಪಿಎಚ್.ಡಿ. ಬಾಗಿಲು. ಆ ವರ್ಷ ಸೀಟು ಇದ್ದದ್ದು ಒಂದೇ, ಅದರ ಮೇಲೆ ಪುಟ್ಟಿಗೆ ಎರಡು ವರ್ಷದಿಂದ ಕಣ್ಣು.

ಮನೆಯಲ್ಲಿ ಇದ್ದವರು ಅಕ್ಕ-ತಂಗಿ ಇಬ್ಬರೇ. ಅಕ್ಕ ಹೊಲಿಗೆಯವಳು. ಅವಳಿಗೆ ತಮಿಳಿನ ಗಂಧಗಾಳಿಯೂ ಇರಲಿಲ್ಲ. ಪುಟ್ಟಿ ಚಿಕ್ಕಂದಿನಲ್ಲಿ ಎದುರುಮನೆಯವರಿಂದ ಮಾತು ಕಲಿತು, ಡಿಗ್ರಿಯಲ್ಲಿ ಓದು ಕಲಿತು, ಎಂ.ಎ.ಗೆ ಬಂದು ಹಳೆಯ ಪದ್ಯಗಳ ಹುಚ್ಚು ಹಿಡಿಸಿಕೊಂಡವಳು. "ಯಾರ ಮನೆ ಹುಚ್ಚೋ ನಮ್ಮನೆಗೆ ಬಂತು" ಎಂದು ಅಕ್ಕ ನಗುತ್ತಿದ್ದಳು, ಆದರೆ ಫೀಸಿನ ದಿನ ಬಂದರೆ ಅವಳ ಮೆಷಿನ್ ಬೆಳಗಾಗುವ ಮೊದಲೇ ಶುರುವಾಗುತ್ತಿತ್ತು.

ಪದ್ಯ ಇದ್ದದ್ದು ವಿಭಾಗದ ಹೆಮ್ಮೆಯ ಒಂದು ತಾಳೆಗರಿಯ ಓಲೆಕಟ್ಟಿನಲ್ಲಿ. ನೂರ ಎಂಟು ಓಲೆ, ಓಲೆಗೊಂದು ಪದ್ಯ, ಯಾವುದಕ್ಕೂ ಕವಿಯ ಹೆಸರಿಲ್ಲ. ಮೂವತ್ತು ವರ್ಷದ ಹಿಂದೆ, ಈಗ ಪುಟ್ಟಿಯ ಮಾರ್ಗದರ್ಶಕರಾದ ಪ್ರೊಫೆಸರು ದೂರದ ಊರಿನ ಒಂದು ಮನೆಯಲ್ಲಿ ಇದರ ಮೂಲವನ್ನು ಪತ್ತೆ ಮಾಡಿ, ಹೊಸ ಓಲೆಗಳಲ್ಲಿ ಪ್ರತಿ ಮಾಡಿಸಿ, ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಅದರ ಮೂವತ್ತೇಳನೆಯ ಪದ್ಯ ಪಠ್ಯಕ್ಕೂ ಸೇರಿತ್ತು. ಪುಟ್ಟಿ ಅದನ್ನು ಅಕ್ಕನಿಗೆ ನಮ್ಮ ಮಾತಿನಲ್ಲಿ ಹೀಗೆ ಹೇಳಿದ್ದಳು:

ಊರೆಲ್ಲ ಐದು ಬೆರಳಲ್ಲಿ ಎಣಿಸುವ ದಿನಗಳನ್ನು
ಅವಳು ಮೂರು ಬೆರಳಲ್ಲಿ ಎಣಿಸಿದಳು.
ಅದಕ್ಕೇ, ಗೆಳೆಯಾ, ತಡವಾಗಿ ಬಂದ ನನ್ನನ್ನು
ಬೇಗ ಬಂದೆ ಎಂದಳು.

ಅಕ್ಕ ಕಾಜಾ ಹಾಕುವುದನ್ನು ನಿಲ್ಲಿಸಿ ಕೇಳಿದಳು. "ಪಾಪ, ಇನ್ನೆರಡು ಬೆರಳು ಏನಾಯ್ತೇ?"

"ಅಯ್ಯೋ ಅಕ್ಕಾ, ಅದು ನಿಜವಾದ ಬೆರಳಲ್ಲ. ಸಂಕೇತ."

"ಹೌದಾ. ನಾನು ನಿಜವಾದ ಬೆರಳು ಅಂದ್ಕೊಂಡೆ" ಎಂದು ಅಕ್ಕ ಮತ್ತೆ ಸೂಜಿ ಹಿಡಿದಳು.

ಓದಿದವರಿಗೆ ಕಾಣದ್ದು ಓದದವರಿಗೆ ಕಂಡರೆ ಓದಿದವರು ಏನು ಮಾಡಬೇಕು? ಪುಟ್ಟಿ ಮಾಡಿದ್ದನ್ನೇ ಮಾಡುತ್ತಾರೆ, ನಕ್ಕು ಮುಂದೆ ಹೋಗುತ್ತಾರೆ. ಮೂರು ಬೆರಳೆಂದರೆ ತಮಿಳರು ಹಿಂದಿನಿಂದ ಹೇಳುತ್ತ ಬಂದ ಮೂರು ತಮಿಳು: ಬರಹ, ಸಂಗೀತ, ನಾಟಕ. ಕಾಯುವ ಹೆಣ್ಣು ಕಾಲವನ್ನು ಕಲೆಯಿಂದ ಅಳೆಯುತ್ತಾಳೆ, ಹಾಗಾಗಿ ಕಾಲವೇ ಕುಗ್ಗುತ್ತದೆ. ಇದು ಅವಳ ವಾದ. ಇಪ್ಪತ್ತೆರಡು ಅಡಿಟಿಪ್ಪಣಿ ಹಾಕಿದ್ದಳು. ಪ್ರೊಫೆಸರು ಆ ಅಧ್ಯಾಯವನ್ನು ಓದಿ ಒಂದು ಮಾತೂ ಆಡದೆ ಸಹಿ ಮಾಡಿ ಕೊಟ್ಟರು. ಹೊಗಳಲಿಲ್ಲವಲ್ಲ ಎಂದು ಪುಟ್ಟಿಗೆ ಒಂದು ವಾರ ಊಟ ಸೇರಿರಲಿಲ್ಲ.

ಪರೀಕ್ಷೆಯ ದಿನ ಒಂಬತ್ತಕ್ಕೇ ವಿಭಾಗಕ್ಕೆ ಬಂದಳು. ಸೆಮಿನಾರ್ ಕೋಣೆಯಲ್ಲಿ ಓಲೆಯಣ್ಣ ಕುರ್ಚಿ ಒರೆಸುತ್ತಿದ್ದ. ಓಲೆಯಣ್ಣ ವಿಭಾಗದ ಅಟೆಂಡರ್. ಓಲೆಗಳ ಬೀರುವಿಗೆ ಎಣ್ಣೆಬಟ್ಟೆ, ಬೇವಿನೆಲೆ ಎಂದು ಸದಾ ಅದರ ಸುತ್ತ ಸುಳಿಯುವವನಾದ್ದರಿಂದ ಆ ಹೆಸರು. ಮುಂದಿನ ತಿಂಗಳು ನಿವೃತ್ತಿ. ಮೇಷ್ಟ್ರುಗಳಿಂದ ಹಿಡಿದು ಹುಡುಗರ ತನಕ ಎಲ್ಲರೂ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದರು, ಅವನು ಎಲ್ಲರಿಗೂ ಬಹುವಚನ.

"ಓಲೆಯಣ್ಣ, ನೀನೇ ಪರೀಕ್ಷಕ ಅಂದ್ಕೊಂಡು ಕೂತ್ಕೋ. ಒಂದ್ಸಲ ಹೇಳಿ ನೋಡ್ತೀನಿ."

"ನಾನು ಈ ಕೋಣೇಲಿ ಕೂರಲ್ಲ ತಾಯಿ. ನಿಂತೇ ಕೇಳ್ತೀನಿ, ಹೇಳಿ."

ಪುಟ್ಟಿ ಪದ್ಯ ಹೇಳಿದಳು. ಮೂರು ಬೆರಳಿನ ವಿವರಣೆ ಶುರು ಮಾಡಿದಳು. ಎರಡನೇ ತಮಿಳಿಗೆ ಬರುವ ಹೊತ್ತಿಗೆ ಓಲೆಯಣ್ಣನ ಕೈಯ ಬಟ್ಟೆ ಕುರ್ಚಿಯ ಬೆನ್ನ ಮೇಲೆ ನಿಂತುಹೋಗಿತ್ತು.

"ಇದನ್ನೆಲ್ಲ ಬರೆದಿದ್ದೀರಾ?"

"ಹದಿನಾಲ್ಕು ಪುಟ."

"ಅವಳ ಬೆರಳಿನ ಮೇಲೆ?"

ಅವಳು ಎಂದದ್ದು ಪದ್ಯದ ನಾಯಕಿಯನ್ನು ಎಂದುಕೊಂಡು ಪುಟ್ಟಿ ತಲೆಯಾಡಿಸಿದಳು. ಓಲೆಯಣ್ಣ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಹವಾಮಾನ ಹೇಳುವವನ ಹಾಗೆ ಹೇಳಿದ: "ತಾಯಿ, ಅದು ನನ್ನ ಹೆಂಡ್ತಿ. ಪ್ರೆಸ್ಸಿನಲ್ಲಿ ಇದ್ಲು, ಬೈಂಡಿಂಗಲ್ಲಿ. ಪೇಪರ್ ಕಟಿಂಗ್ ಮೆಷಿನ್‌ಗೆ ಬಲಗೈಯ ಎರಡು ಬೆರಳು ಹೋದ್ವು."

ಪುಟ್ಟಿಗೆ ಮೊದಲು ನಗು ಬಂತು. ನಗು ಅರ್ಧಕ್ಕೇ ಸತ್ತಿತು. ಯಾಕೆಂದರೆ ಓಲೆಯಣ್ಣ ನಗುತ್ತಿರಲಿಲ್ಲ.

ಅವನು ಬಿಡಿಬಿಡಿಯಾಗಿ ಹೇಳಿದ್ದನ್ನು ಒಟ್ಟು ಮಾಡಿದರೆ ಹೀಗೆ. ಅವನ ಅಪ್ಪ ಓಲೆ ಬರೆಯುತ್ತಿದ್ದವರು, ಮಗನಿಗೂ ಚೂಪು ಮೊನೆಯ ಕಬ್ಬಿಣದ ಕಂಟ ಹಿಡಿದು ಓಲೆಯ ಮೇಲೆ ಅಕ್ಷರ ಕೊರೆಯುವುದನ್ನು ಕಲಿಸಿದ್ದರು. ಅದಕ್ಕೇ ಪ್ರೊಫೆಸರು ಪ್ರತಿ ಮಾಡಲು ಅವನನ್ನು ಕರೆದುಕೊಂಡು ಹೋದರು. ಕಟ್ಟಿನ ಯಜಮಾನ ಕೊಟ್ಟದ್ದು ಒಂದೇ ವಾರ. ಎರಡನೇ ದಿನ ಫೋನ್ ಬಂತು, ಹೆಂಡತಿ ಆಸ್ಪತ್ರೆಯಲ್ಲಿ ಎಂದು. ಓಲೆಯಣ್ಣ ಚೀಲ ಕಟ್ಟಿದ. ಪ್ರೊಫೆಸರು, ನೀನು ಹೋದರೆ ಈ ಪದ್ಯಗಳು ಮತ್ತೆ ಯಾರಿಗೂ ಸಿಗುವುದಿಲ್ಲ, ಮುಗಿಸಿ ಹೋಗು ಎಂದರು. ಮುಗಿಸುವುದಕ್ಕೆ ಇನ್ನೂ ಐದು ದಿನ ಹಿಡಿಯಿತು.

"ಆಸ್ಪತ್ರೆಗೆ ಹೋದೆ. ಮುಖ ಎತ್ತಿ ನೋಡೋ ಧೈರ್ಯ ಇರಲಿಲ್ಲ. ಅವಳು ಬ್ಯಾಂಡೇಜ್ ಕೈ ಮುಂದೆ ಹಿಡಿದು ಎಣಿಸಿದ್ಲು. ಒಂದು, ಎರಡು, ಮೂರು. ಮೂರೇ ದಿನ ಆಗಿದ್ದು, ಬೇಗ ಬಂದ್ರಿ ಅಂದ್ಲು. ಅವಳದು ಹಾಗೇ, ತಮಾಷೆ."

ಪುಟ್ಟಿ ಹತ್ತಿರದ ಕುರ್ಚಿ ಎಳೆದು ಕೂತಳು.

"ಆದ್ರೆ ಪದ್ಯ ಕಟ್ಟಿನಲ್ಲಿ ಹೇಗೆ ಬಂತು?"

"ಮೂವತ್ತೇಳನೇ ಓಲೆ ಮುಟ್ಟಿದ್ರೆ ಪುಡಿ. ಒಂದಕ್ಷರ ಉಳಿದಿರಲಿಲ್ಲ. ಹೊಸ ಕಟ್ಟಿನಲ್ಲಿ ಅದರ ಜಾಗಕ್ಕೆ ಖಾಲಿ ಓಲೆ ಹಾಕಿದ್ದೆ. ಖಾಲಿ ಓಲೆ ಹುಳಾನ ಕರೆಯುತ್ತೆ ಅಂತಿದ್ರು ಅಪ್ಪ. ನೂರೇಳು ಪದ್ಯ ಕೊರೆದ ಕೈ, ಅದೇ ಲಯ ಕೈಗೆ ಹತ್ತಿಬಿಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಕೊರೆದೆ, ಮಸಿ ಹಚ್ಚಿದೆ, ಸೇರಿಸಿದೆ. ಪ್ರೊಫೆಸರು ಓದಿ ಕಿತ್ತು ಬಿಸಾಕ್ತಾರೆ ಅಂದ್ಕೊಂಡೆ. ಬಿಸಾಕಲಿಲ್ಲ."

"ನಿಮ್ಮ ಮನೆಯವರಿಗೆ ಗೊತ್ತಿತ್ತಾ?" ತಾನು ಬಹುವಚನಕ್ಕೆ ಬಂದದ್ದು ಪುಟ್ಟಿಗೇ ತಿಳಿಯಲಿಲ್ಲ.

"ಓದೋಕೆ ಬರ್ತಿರಲಿಲ್ಲ, ಓದಿ ಹೇಳ್ದೆ. ಹೋಗ್ಲಿ ಬಿಡಿ, ಎರಡು ಬೆರಳಿಗೆ ನಾಲ್ಕು ಸಾಲಾದ್ರೂ ಸಿಕ್ತು ಅಂದ್ಲು. ಆ ಪುಸ್ತಕ ಅದೇ ಪ್ರೆಸ್ಸಿನಲ್ಲಿ ಅಚ್ಚಾಯ್ತು, ಹಾಳೆಗಳನ್ನ ಮಡಚಿದ್ದೂ ಅವಳೇ, ಮೂರು ಬೆರಳಲ್ಲಿ. ಅವಳು ಹೋಗಿ ಹನ್ನೆರಡು ವರ್ಷ ಆಯ್ತು."

ನಂಬದವಳಿಗೆ ಕೊನೆಯ ದಾರಿ ಪಕ್ಕದ ಕೋಣೆಯ ಬೀರು. ಪುಟ್ಟಿ ಕೀಲಿ ಕೇಳಿ ತೆಗೆದಳು. ಓಲೆಕಟ್ಟಿನ ಕೆಳಗೆ ಪ್ರೊಫೆಸರು ಆ ವಾರ ಬರೆದಿಟ್ಟ ನೋಟ್‌ಬುಕ್ ಇತ್ತು. ಅಚ್ಚಾದ ಪುಸ್ತಕ ಕೈಯಲ್ಲಿದ್ದ ಮೇಲೆ ಅದನ್ನು ಯಾರು ನೋಡುತ್ತಾರೆ, ಅವಳೂ ನೋಡಿರಲಿಲ್ಲ. ಪುಟ ತಿರುವಿದಳು. ಓಲೆಗಳ ಪಟ್ಟಿ, ಒಂದೊಂದರ ಸ್ಥಿತಿ. ಮೂವತ್ತೇಳರ ಎದುರು ಪ್ರೊಫೆಸರ ಚಿಕ್ಕ ನೇರ ಅಕ್ಷರದಲ್ಲಿ: ಪೂರ್ತಿ ಪುಡಿ, ಏನೂ ಉಳಿದಿಲ್ಲ.

ಅವರಿಗೆ ಗೊತ್ತಿತ್ತು. ಮೂವತ್ತು ವರ್ಷ ಆ ಪದ್ಯ ಪಾಠ ಮಾಡಿದ ಮನುಷ್ಯ, ಅವಳ ಇಪ್ಪತ್ತೆರಡು ಅಡಿಟಿಪ್ಪಣಿಗೂ ಸಹಿ ಹಾಕಿದ ಮನುಷ್ಯ. ಕಾಲಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವಳಿಗೆ ಅವತ್ತು ತಿಳಿಯಿತು. ಅವಳ ಪ್ರಬಂಧದ ಹೊಟ್ಟೆಯೇ ಆ ಹದಿನಾಲ್ಕು ಪುಟ.

"ಓಲೆಯಣ್ಣ, ಒಳಗೆ ನಾನು ಏನು ಹೇಳ್ಲಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಪರೀಕ್ಷಕರು ಬಂದಿದ್ದರು.

ಹೊರಗಿನ ಪರೀಕ್ಷಕರಿಗೆ ಹುಡುಗರು ಇಟ್ಟ ಹೆಸರು ಗರಗಸ. ಹಲ್ಲು ಕಾಣಿಸದೆ ಕೊಯ್ಯುವವರು. ಅವತ್ತು ಮಾತ್ರ ಮುಖದಲ್ಲಿ ನಗು. ಪಕ್ಕದಲ್ಲಿ ಪ್ರೊಫೆಸರು. ಓಲೆಯಣ್ಣ ಟ್ರೇಯಲ್ಲಿ ಎರಡು ಲೋಟ ನೀರು ತಂದ.

"ಮೂರು ಬೆರಳು ಅಂದ್ರೆ ಮೂರು ತಮಿಳು ಅಂದಿದ್ದೀರಿ" ಎಂದರು ಗರಗಸ. "ಭೇಷ್. ಇಷ್ಟು ಆಳಕ್ಕೆ ಯಾರೂ ಇಳಿದಿರಲಿಲ್ಲ. ಒಂದೇ ಪ್ರಶ್ನೆ. ಕವಿ ಇದನ್ನ ಮನಸ್ಸಿನಲ್ಲಿ ಇಟ್ಕೊಂಡೇ ಬರೆದ ಅನ್ನೋದಕ್ಕೆ ಏನು ಆಧಾರ?"

ಇಪ್ಪತ್ತೆರಡು ಅಡಿಟಿಪ್ಪಣಿಯಲ್ಲಿ ಯಾವುದಾದರೊಂದನ್ನು ಹೇಳಿದ್ದರೆ ಸೀಟು ಅವಳದೇ. ನಾಲಗೆಯ ತುದಿಯಲ್ಲೇ ಇತ್ತು. ಲೋಟ ಇಡುತ್ತಿದ್ದ ಕೈ ಕಂಡಿತು, ಮಸಿ ಹಚ್ಚಿ ಹಚ್ಚಿ ಉಗುರಿನ ಅಂಚು ಕಪ್ಪಾದ ಕೈ.

"ಕವಿಯನ್ನೇ ಕೇಳಬಹುದು ಸಾರ್. ನಿಮ್ಮ ಮುಂದೆ ನೀರು ಇಡ್ತಿರೋರು ಅವರೇ."

ಗರಗಸ ಪುಟ್ಟಿಯನ್ನು ನೋಡಿದರು, ಅಟೆಂಡರನ್ನು ನೋಡಿದರು. "ಏನಯ್ಯಾ ಇದು? ಪದ್ಯ ನೀನು ಬರೆದಿದ್ದಾ?"

ಓಲೆಯಣ್ಣ ಟ್ರೇಯನ್ನು ಎದೆಗೆ ಒತ್ತಿ ಹಿಡಿದುಕೊಂಡ.

"ನಾನಾ? ಇಲ್ಲ ಸಾರ್. ಅಟೆಂಡರ್ ನಾನು, ಪದ್ಯಗಿದ್ಯ ನನಗೇನು ಗೊತ್ತು. ಹಳೇ ಕಾಲದವರು ಬರೆದಿದ್ದು ಅದು. ಹುಡುಗಿಗೆ ಗಾಬರಿ, ಬೆಳಿಗ್ಗೆ ತಿಂಡಿ ತಿಂದಂಗಿಲ್ಲ."

ಪುಟ್ಟಿಗೆ ಕೆನ್ನೆಗೆ ಬಾರಿಸಿದಂತಾಯಿತು. ಅವನ ಮುಖ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ, ಬೇಡುವ ಕಣ್ಣಿನಲ್ಲಿ. ಆಗ ಅರ್ಥವಾಯಿತು. ಅಟೆಂಡರ್ ಬರೆದದ್ದು ಎಂದು ತಿಳಿದರೆ ನಾಳೆಯೇ ಪದ್ಯ ಪುಸ್ತಕದಿಂದ ಹೋಗುತ್ತದೆ, ಪಠ್ಯದಿಂದ ಹೋಗುತ್ತದೆ. ವರ್ಷಕ್ಕೆ ಮೂವತ್ತು ಜನ ಬಾಯಿಪಾಠ ಮಾಡುವ ಅವನ ಹೆಂಡತಿಯ ತಮಾಷೆಯೂ ಅದರ ಜೊತೆಗೇ ಹೋಗುತ್ತದೆ. ಪ್ರೊಫೆಸರ ಕಡೆ ತಿರುಗಿದಳು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಮೇಜಿನ ಒಂದು ಗೀರನ್ನು ಉಗುರಿನಿಂದ ಕೆರೆಯುತ್ತಿದ್ದರು.

"ತಪ್ಪಾಯ್ತು ಸಾರ್" ಎಂದಳು ಪುಟ್ಟಿ.

"ಸರಿ, ಪ್ರಶ್ನೆಗೆ ಬನ್ನಿ. ಆಧಾರ?"

"ಆಧಾರ ಇಲ್ಲ ಸಾರ್. ಆ ಹದಿನಾಲ್ಕು ಪುಟ ತಪ್ಪು. ಮೂರು ಬೆರಳು ಅಂದ್ರೆ ಮೂರು ಬೆರಳೇ. ಅವಳ ಕೈಯಲ್ಲಿ ಇದ್ದದ್ದೇ ಅಷ್ಟು."

"ಮಿಕ್ಕ ಎರಡು?"

"ಕೆಲಸ ಮಾಡೋವಾಗ ಹೋದ್ವು."

ಗರಗಸದ ನಗು ಹಲ್ಲಿನ ಒಳಗೆ ಹೋಯಿತು. ಇದನ್ನು ಯಾರು ಬೇಕಾದರೂ ಹೇಳಬಹುದು, ಇದಕ್ಕೆ ಎಂ.ಎ. ಯಾಕೆ ಎಂದರು. ಪುಟ್ಟಿಗೆ ಅಕ್ಕನ ಸೂಜಿ ನೆನಪಾಯಿತು. ಅವರು ಅಂಕಪಟ್ಟಿಯಲ್ಲಿ ಬರೆದ ಅಂಕಿಯನ್ನು ಅವಳು ತಲೆಕೆಳಗಾಗಿಯೇ ಓದಿದಳು. ಐವತ್ತೆರಡು. ಮೊದಲ ದರ್ಜೆಗೆ ಅರವತ್ತು ಬೇಕು. ಎರಡು ವರ್ಷ ಕಾದ ಸೀಟು ಎರಡು ಮಾತಿನಲ್ಲಿ ಹೋಯಿತು.

"ತಮ್ಮದೇನಾದ್ರೂ ಪ್ರಶ್ನೆ ಇದೆಯಾ?" ಎಂದು ಗರಗಸ ಪದ್ಧತಿಗೆಂದು ಪ್ರೊಫೆಸರನ್ನು ಕೇಳಿದರು. ಅವರು ಯಾವತ್ತೂ ಇಲ್ಲ ಎನ್ನುವವರು.

"ಒಂದಿದೆ" ಎಂದರು ಪ್ರೊಫೆಸರು. "ಪದ್ಯದಲ್ಲಿ ಗಂಡ ತಡವಾಗಿ ಬಂದ ಅಂತ ಇದೆ. ಯಾಕೆ ತಡ ಆಯ್ತು?"

ಬಾಗಿಲ ಬಳಿ ಓಲೆಯಣ್ಣ ನಿಂತಲ್ಲೇ ನಿಂತ. ಪುಟ್ಟಿ ಹೇಳಿದಳು.

"ಅವನಿಗೆ ರಜಾ ಕೊಡಲಿಲ್ಲ ಸಾರ್."

"ಹೌದು" ಎಂದರು ಪ್ರೊಫೆಸರು. ಮೇಜಿನ ಗೀರಿನಿಂದ ಬೆರಳು ತೆಗೆದು, "ಕೊಡಲಿಲ್ಲ" ಎಂದರು.

ಇದು ಪದ್ಯದಲ್ಲಿ ಎಲ್ಲಿದೆ ಎಂದು ಗರಗಸ ಪುಟ ತಿರುವತೊಡಗಿದರು. ಪ್ರೊಫೆಸರು ಎದ್ದು, ಗೋಡೆಗೆ ಒರಗಿಸಿದ್ದ ಒಂದು ಕುರ್ಚಿಯನ್ನು ತಾವೇ ಎಳೆದು ತಂದು ಮೇಜಿನ ಪಕ್ಕ ಇಟ್ಟರು.

"ಕೂತ್ಕೊಳ್ಳಿ" ಎಂದರು, ಅಟೆಂಡರಿಗೆ.

ಓಲೆಯಣ್ಣ ಕುರ್ಚಿಯನ್ನು ನೋಡಿದ. ತಾನೇ ಬೆಳಿಗ್ಗೆ ಒರೆಸಿದ ಕುರ್ಚಿ.

"ಹೊರಗೆ ಮುಂದಿನ ವಿದ್ಯಾರ್ಥಿ ಕಾಯ್ತಾ ಇದ್ದಾರೆ ಸಾರ್" ಎಂದ, ನಿಂತಲ್ಲಿಂದಲೇ. "ಕಳಿಸ್ಲಾ?"