ಬಡಗಿಯ ಗುರುವಾರಗಳು

“ತಲೆ ಯಾವ ಕಡೆ ಬರ್ಬೇಕಕ್ಕಾ?”

ಗುಂಡಿ ತೋಡುವವನು ಮೊಣಕಾಲುದ್ದದ ಹಳ್ಳದಲ್ಲಿ ನಿಂತು, ಗುದ್ದಲಿಯ ಕಾವಿನ ಮೇಲೆ ಕೈಯೂರಿ ಕೇಳಿದ. ಅಂಚಿನಲ್ಲಿ ನಿಂತಿದ್ದ ಪೋಸ್ಟಕ್ಕನಿಗೆ ಥಟ್ಟನೆ ಅರ್ಥವಾಗಲಿಲ್ಲ.

“ಯಾವ ಕಡೆ ಅಂದ್ರೆ?”

“ಒಬ್ಬೊಬ್ರದು ಒಂದೊಂದು ಥರ ಇರತ್ತೆ. ಕೆಲವ್ರಿಗೆ ಆ ಕಡೆ, ಕೆಲವ್ರಿಗೆ ಈ ಕಡೆ. ಚೀಟೀಲಿ ಸತ್ತೋರ ಕಡೆಯವ್ರು ಅಂತ ನಿಮ್ಮ ಹೆಸರಿದೆ. ಅದಕ್ಕೇ ಕೇಳ್ತಿದೀನಿ.”

ಮೂವತ್ತು ವರ್ಷ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸಿದವಳು ಪೋಸ್ಟಕ್ಕ. ಬೀದಿಯ ಹೆಸರೇ ಇಲ್ಲದ ಲಕೋಟೆಯನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾಳೆಂದು ಹೆಸರಾಗಿದ್ದವಳು. ಸತ್ತ ಬಡಗಿಯ ರಕ್ತದ ಗುಂಪು, ಬೂಟಿನ ಅಳತೆ, ಕನ್ನಡಕದ ನಂಬರು ಎಲ್ಲ ಅವಳ ನಾಲಿಗೆ ತುದಿಯಲ್ಲಿದ್ದವು. ಅವನ ಅರ್ಜಿಗಳನ್ನೆಲ್ಲ ತುಂಬಿದ್ದು ಅವಳೇ. ತಲೆ ಯಾವ ಕಡೆ ಎಂಬ ಅಂಕಣ ಮಾತ್ರ ಯಾವ ಅರ್ಜಿಯಲ್ಲೂ ಇರಲಿಲ್ಲ.

“ಗೊತ್ತಿಲ್ಲಪ್ಪ,” ಅಂದಳು.

ಗೇಟಿನ ಬಳಿ ಮೇಷ್ಟ್ರು ಫೋನು ಕಿವಿಗಿಟ್ಟುಕೊಂಡೇ ಶತಪಥ ಹಾಕುತ್ತಿದ್ದರು. ‘ಹೊಸಬರ ಕೂಟ’ಕ್ಕೆ ಅವರೇ ಕಾರ್ಯದರ್ಶಿ. ಲೈಬ್ರರಿ, ಕ್ಲಿನಿಕ್ಕು, ಶಾಲೆ, ಬಡಾವಣೆಯ ಸಂಘ ಎಲ್ಲ ಸೇರಿ ಕಟ್ಟಿದ ಕೂಟ ಅದು. ಬೇರೆ ದೇಶದಿಂದ ನೆಲೆ ತಪ್ಪಿ ಬಂದ ಒಬ್ಬೊಬ್ಬರಿಗೂ ಊರಿನ ಒಬ್ಬರನ್ನು ಜೊತೆ ಮಾಡಿಕೊಡುವುದು ಅದರ ಕೆಲಸ.

“ಎಲ್ರಿಗೂ ಮಾಡ್ದೆ ಪೋಸ್ಟಕ್ಕ,” ಎಂದರು ಮೇಷ್ಟ್ರು ಹತ್ತಿರ ಬಂದು. “ಕ್ಲಿನಿಕ್ಕಿನವ್ರು ಲೈಬ್ರರಿಯವ್ರನ್ನ ಕೇಳಿ ಅಂದ್ರು. ಲೈಬ್ರರಿಯವ್ರು ನಿಮ್ಮನ್ನ ಕೇಳಿ ಅಂತಾರೆ.”

“ಹೂಳೋದಾದ್ರೂ ಸರಿನಾ ಮೇಷ್ಟ್ರೇ? ಸುಡೋರಾಗಿದ್ರೆ?”

“ಏನ್ಮಾಡೋದು ಹೇಳಿ. ಹೂಳಿದ್ರೆ ನಾಳೆ ಯಾರಾದ್ರೂ ಹುಡುಕ್ಕೊಂಡು ಬಂದಾಗ ತೋರ್ಸೋಕೆ ಒಂದು ಜಾಗಾನಾದ್ರೂ ಇರತ್ತೆ.” ಅವರು ಗಡಿಯಾರ ನೋಡಿಕೊಂಡರು. “ದೂರದೂರಿನ ಬೇಕರೀಲಿ ಕೆಲಸ ಮಾಡೋ ಹುಡುಗ ಒಬ್ಬ ಬಂದಿರ್ಬೇಕು. ಅವನಿಗೆ ಇವ್ರ ಭಾಷೆ ಬರತ್ತಂತೆ. ರೂಮಿಗೆ ಕರ್ಕೊಂಡು ಹೋಗಿ. ಇವ್ರಿಗೆ ಹಾಕೋಕೆ ಒಂದು ಒಳ್ಳೇ ಬಟ್ಟೇನೂ ತನ್ನಿ.”

*

ಎರಡು ವರ್ಷದ ಹಿಂದೆ, ಲೈಬ್ರರಿಯ ಮಹಡಿಯಲ್ಲಿ ಬಡಗಿಯನ್ನು ತಂದು ಅವಳೆದುರು ಕೂರಿಸಿದಾಗ, ನಡುವೆ ಇದ್ದದ್ದು ಒಂದು ಮೇಜು ಮತ್ತು ಒಂದು ಚಿತ್ರಪುಸ್ತಕ. ವಯಸ್ಸು ಅರವತ್ತೆರಡು, ಕಸುಬು ಮರಗೆಲಸ, ಊರು ಈಗ ಇಲ್ಲ ಎಂದಷ್ಟೇ ಅವನ ಫೈಲಿನಲ್ಲಿತ್ತು.

ಪೋಸ್ಟಕ್ಕ ಗಿಡ್ಡಿ. ಎಲ್ಲಿ ಕೂತರೂ ಕಾಲು ನೆಲಕ್ಕೆ ತಾಗದೆ ಜೋತಾಡುತ್ತಿತ್ತು. ಬಡಗಿ ಚಿತ್ರಪುಸ್ತಕ ಬಿಟ್ಟು ಮೇಜಿನ ಕೆಳಗೆ ಅವಳ ಕಾಲನ್ನೇ ನೋಡಿದ. ಎಂಥಾ ಮನುಷ್ಯನಪ್ಪಾ ಇವನು ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಒಪ್ಪಿಕೊಂಡ ಕೆಲಸ. ಪ್ರತಿ ಗುರುವಾರ ಅವನನ್ನು ಕರೆದುಕೊಂಡು ಹೊರಟಳು. ಬಸ್ಸು ಹತ್ತುವುದು, ಕ್ಲಿನಿಕ್ಕಿನಲ್ಲಿ ಸಾಲು ನಿಲ್ಲುವುದು, ಔಷಧದ ಚೀಟಿ ಓದುವುದು, ಸಿಕ್ಕವರಿಗೆ ನಮಸ್ಕಾರ ಹೇಳುವುದು, ಎಲ್ಲವನ್ನೂ ಕಲಿಸಿದಳು. ಮನೆಸಾಮಾನಿನ ಗೋದಾಮಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಒಳ್ಳೆಯ ಮರ ಮುಟ್ಟುವ ಕೆಲಸವಲ್ಲ, ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು. ಅವನು ದೂರಲಿಲ್ಲ. ದೂರಿದ್ದರೂ ಯಾವ ಭಾಷೆಯಲ್ಲಿ ದೂರಿಯಾನು?

ಸಂಜೆ ಮೂರನೇ ಮಹಡಿಯ ಅವನ ಬಾಗಿಲವರೆಗೆ ಬಿಟ್ಟುಬರುತ್ತಿದ್ದಳು. ಅವನು ಬೀಗ ತೆರೆದು, ಪಕ್ಕಕ್ಕೆ ಸರಿದು, ಕತ್ತು ತಗ್ಗಿಸಿ, “ನಿಶೂ, ನಿಶೂ,” ಅನ್ನುತ್ತಿದ್ದ.

“ಅಯ್ಯೋ, ಪರವಾಗಿಲ್ಲ ಬಿಡಿ!” ಎಂದು ಅವಳು ಮೆಟ್ಟಿಲಿಳಿದುಬಿಡುತ್ತಿದ್ದಳು. ಐದೂ ನಲವತ್ತರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಕಾಯಬೇಕು.

‘ನಿಶೂ’ ಅಂದರೆ ಅವರ ಭಾಷೆಯಲ್ಲಿ ಥ್ಯಾಂಕ್ಸ್ ಎಂದು ಕೂಟದಲ್ಲಿ ಎಲ್ಲರಿಗೂ ಹೇಳಿಕೊಟ್ಟಳು. ಮೇಷ್ಟ್ರು ಖುಷಿಯಾಗಿ, ಹನ್ನೊಂದು ಭಾಷೆಗಳಲ್ಲಿ ಕೃತಜ್ಞತೆ ಹೇಳುವ ಬೋರ್ಡೊಂದನ್ನು ಬಾಗಿಲ ಮೇಲೆ ಹಾಕಿಸಿದರು. ಬಡಗಿಯ ಮಾತು ಅದರಲ್ಲಿ ಏಳನೆಯದು.

*

ಕಟ್ಟಡದ ಕಾವಲುಗಾರ ಬೀಗ ತೆಗೆದುಕೊಟ್ಟ. ಮೂರು ದಿನದ ಹಿಂದೆ ಬಡಗಿ ಕೆಲಸಕ್ಕೆ ಬರಲಿಲ್ಲವೆಂದು ಬಾಗಿಲು ಬಡಿದು, ಮಂಚದ ಮೇಲೆ ಅವನನ್ನು ಮೊದಲು ನೋಡಿದವನೂ ಅವನೇ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತಂತೆ.

ಮೂರು ತಾಸು ಬಸ್ಸಿನಲ್ಲಿ ಬಂದಿದ್ದ ಬೇಕರಿಯವನು ಇನ್ನೂ ಮೂವತ್ತು ದಾಟದವನು. ಮೆಟ್ಟಿಲು ಹತ್ತುವಾಗಲೇ ಪೋಸ್ಟಕ್ಕ ಕೇಳಿದಳು.

“ನಿಮ್ಮ ಕಡೆ ತಲೆ ಯಾವ ದಿಕ್ಕಿಗೆ ಇಡ್ತಾರಪ್ಪ?”

“ನಾನು ಹುಟ್ಟಿದ್ದೇ ನಿರಾಶ್ರಿತರ ಕ್ಯಾಂಪಲ್ಲಿ ಅಮ್ಮಾ. ಅಲ್ಲಿ ಜಾಗ ಸಿಕ್ಕ ಕಡೆ ತಲೆ.” ಅವನು ನಗಲು ನೋಡಿದ. “ಇವ್ರದು ನಮ್ಮ ಪಕ್ಕದ ಸೀಮೆ. ಮಾತು ಬರತ್ತೆ, ರೀತಿ ರಿವಾಜು ಗೊತ್ತಿಲ್ಲ.”

ಪೋಸ್ಟಕ್ಕ ಆ ಕೋಣೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಒಂದು ಮಂಚ, ಒಂದು ಒಲೆ, ಗೂಟಕ್ಕೆ ತೂಗುಹಾಕಿದ ಇಸ್ತ್ರಿಯ ಅಂಗಿ. ಅಂಗಿಯನ್ನು ಮಡಚಿ ಚೀಲಕ್ಕಿಟ್ಟಳು. ಮಂಚದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಉದ್ದನೆಯ ನಂಬರೊಂದಿತ್ತು. ಬೇಕರಿಯವನು ಅವಳ ಫೋನಿನಿಂದ ಹಚ್ಚಿದ, ಕೂಗಿ ಕೂಗಿ ಮಾತಾಡಿದ.

“ಯಾವ್ದೋ ಅಂಗಡಿ ನಂಬರು. ತಂಗಿ ಒಬ್ರು ಇದಾರಂತೆ. ಅಂಗಡಿಯವನು ಹೋಗಿ ಹೇಳಿ ಕರ್ಕೊಂಡು ಬರ್ತಾನಂತೆ. ದೂರ ಇದೆಯಂತೆ.”

“ಅವ್ರು ಫೋನ್ ಮಾಡೋ ಹೊತ್ತಿಗೆ ನೀನಿರ್ತೀಯಲ್ಲ?”

“ಎರಡೂವರೆ ಬಸ್ಸಿಗೆ ಹೋಗ್ಲೇಬೇಕಮ್ಮಾ. ಇವತ್ತು ಬರೋಕೇ ಕಾಲು ಹಿಡಿದು ರಜಾ ತಗೊಂಡಿದ್ದು.”

ಏನಾದರೂ ಹೇಳಬೇಕೆಂದು ಪೋಸ್ಟಕ್ಕ ಹೇಳಿದಳು. “ಬಹಳ ಮರ್ಯಾದಸ್ಥರು. ಒಂದು ದಿನಾನೂ ಥ್ಯಾಂಕ್ಸ್ ಹೇಳ್ದೆ ಕಳಿಸ್ಲಿಲ್ಲ. ನಿಶೂ ನಿಶೂ ಅಂತಿದ್ರು.”

“ನಿಶೂ ಅಂದ್ರೆ ಥ್ಯಾಂಕ್ಸ್ ಅಲ್ಲಮ್ಮಾ.”

“ಮತ್ತೆ?”

“ಕೂತ್ಕೊಳ್ಳಿ ಅಂತ. ಒಳಗ್ಬಂದು ಒಂದ್ಗಳಿಗೆ ಕೂತ್ಕೊಂಡು ಹೋಗಿ ಅಂತ.”

ಪೋಸ್ಟಕ್ಕ ತಿರುಗಿ ಬಾಗಿಲ ಕಡೆ ನೋಡಿದಳು. ಅವನು ಏನೋ ತಪ್ಪಾಡಿದವನಂತೆ ಕಿಟಕಿಯ ಕಡೆ ತಿರುಗಿದ.

ಕಿಟಕಿಯ ಕೆಳಗೆ ಎರಡು ಕುರ್ಚಿಗಳಿದ್ದವು. ಗೋದಾಮಿನ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿದ್ದು. ‘ಒಡೆಯುವ ವಸ್ತು, ಜೋಪಾನ’ ಎಂಬ ಮುದ್ರೆ ಬೆನ್ನಹಲಗೆಯಲ್ಲಿ ಇನ್ನೂ ಕಾಣುತ್ತಿತ್ತು. ಒಂದು ಎಲ್ಲ ಕುರ್ಚಿಯಂತೆಯೇ ಇತ್ತು. ಇನ್ನೊಂದು ಗಿಡ್ಡ.

“ಯಾರ್ದಾದ್ರೂ ಮಗು ಬರ್ತಿತ್ತಾ ಇಲ್ಲಿಗೆ?” ಬೇಕರಿಯವನು ಕೇಳಿದ.

ಪೋಸ್ಟಕ್ಕ ಆ ಗಿಡ್ಡ ಕುರ್ಚಿಯಲ್ಲಿ ಮೆಲ್ಲನೆ ಕೂತಳು. ಎರಡೂ ಪಾದ ನೆಲಕ್ಕೆ ಸಮನಾಗಿ ಊರಿದವು.

*

ಮೂರು ಗಂಟೆಗೆ, ಇಸ್ತ್ರಿಯ ಅಂಗಿ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಬಡಗಿಯನ್ನು ಹೊತ್ತು ಆಸ್ಪತ್ರೆಯ ಗಾಡಿ ಸ್ಮಶಾನಕ್ಕೆ ಬಂತು. ಮಣ್ಣಿಗೆ ಬಂದವರು ಏಳು ಜನ. ಗೋದಾಮಿನ ಇಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ದಿಕ್ಕಿನ ಪ್ರಶ್ನೆಗೆ ಕೊನೆಗೂ ಉತ್ತರ ಸಿಗಲಿಲ್ಲ. ಗುಂಡಿ ತೋಡುವವನೇ ತೀರ್ಮಾನ ಮಾಡಿದ. “ನೆಲ ಈ ಕಡೆ ಇಳಿಜಾರು. ತಲೆ ಎತ್ತರದಲ್ಲಿರ್ಲಿ ಬಿಡಿ. ಮಲಗೋರಿಗೆ ಅದೇ ಅಲ್ವಾ ಸುಖ?”

ಪೆಟ್ಟಿಗೆ ಇಳಿಯಿತು. ಮೇಷ್ಟ್ರು ಜೇಬಿನಿಂದ ಕಾಗದ ತೆಗೆದರು. “ನಮ್ಮ ಊರಿಗೆ ಇವರು ಬಹಳ ಬೇಗ ಹೊಂದಿಕೊಂಡರು...” ಎಂದು ಶುರುಮಾಡಿ, ಪೋಸ್ಟಕ್ಕನ ಮುಖ ನೋಡಿ, ಕಾಗದವನ್ನು ಹಾಗೇ ಮಡಚಿದರು.

ಮೊದಲ ಬುಟ್ಟಿ ಮಣ್ಣು ಬಿದ್ದಾಗ ಅವಳ ಫೋನು ಬಡಿದುಕೊಂಡಿತು.

ಒಬ್ಬ ಹೆಂಗಸಿನ ದನಿ. ವಯಸ್ಸಾದದ್ದು, ಓಡಿಬಂದು ಏದುಸಿರು ಬಿಡುವಂಥದ್ದು. ಉದ್ದಕ್ಕೆ ಏನೋ ಹೇಳಿ, ಕೊನೆಯಲ್ಲಿ ಏನೋ ಕೇಳಿತು.

“ನಾನು... ನಾನು ಅವ್ರ...” ಪೋಸ್ಟಕ್ಕ ತಡವರಿಸಿದಳು.

ದನಿ ಮತ್ತೆ ಅದನ್ನೇ ಕೇಳಿತು. ಆ ಮಾತಿನಲ್ಲಿ ಬಡಗಿಯ ಹೆಸರೊಂದೇ ಗುರುತು ಸಿಕ್ಕಿತು. ಅದೂ ಇಲ್ಲಿಯವರು ಅನ್ನುತ್ತಿದ್ದ ಹಾಗಲ್ಲ, ನಡುವೆ ಎಲ್ಲೋ ಮೃದುವಾಗಿ ಎಳೆದು. ಎರಡು ವರ್ಷದಲ್ಲಿ ಈ ಊರಿನಲ್ಲಿ ಒಬ್ಬರೂ ಅವನನ್ನು ಹಾಗೆ ಕರೆದಿರಲಿಲ್ಲ.

ಮೇಷ್ಟ್ರು ತಮ್ಮ ಫೋನಿನಲ್ಲಿ ಬೇಕರಿಯವನಿಗೆ ಹಚ್ಚಿದರು, ಮತ್ತೆ ಹಚ್ಚಿದರು, ತಲೆಯಾಡಿಸಿದರು. ಬಸ್ಸು ಎಲ್ಲೋ ಸಿಗ್ನಲ್ ಇಲ್ಲದ ಕಡೆ ಓಡುತ್ತಿತ್ತು.

“ಇಲ್ಲಮ್ಮಾ,” ಅಂದಳು ಪೋಸ್ಟಕ್ಕ ಫೋನಿಗೆ. “ನಂಗೆ ಬರಲ್ಲಮ್ಮಾ. ಏನೂ ಬರಲ್ಲ.”

ದನಿ ಅಳಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೂ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಕೇಳಿತು.

ಪೋಸ್ಟಕ್ಕ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಫೋನು ಹಿಡಿದ ಕೈಯನ್ನು ಆದಷ್ಟು ಕೆಳಕ್ಕೆ, ಪೆಟ್ಟಿಗೆಯ ಕಡೆ ಚಾಚಿದಳು. ಗುಂಡಿಯವನು ಬುಟ್ಟಿ ಎತ್ತಿಕೊಂಡು ಹಾಗೇ ನಿಂತುಬಿಟ್ಟ. ಹಾಕು ಎಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ಬುಟ್ಟಿಯನ್ನು ಪಕ್ಕಕ್ಕಿಟ್ಟು, ಬೊಗಸೆಯಲ್ಲಿ ಮಣ್ಣು ತೆಗೆದು, ಸ್ವಲ್ಪ ಸ್ವಲ್ಪವೇ ಬಿಡತೊಡಗಿದ.

ಹಲಗೆಯ ಮೇಲೆ ಮಣ್ಣು ಬೀಳುವ ಸದ್ದಿಗೆ ಆ ಕಡೆಯ ಪ್ರಶ್ನೆ ನಿಂತಿತು. ಆಮೇಲೆ ಬಿದ್ದ ಒಂದೊಂದು ಬೊಗಸೆಗೂ ಫೋನಿನಿಂದ ಸಣ್ಣದೊಂದು “ಹೂಂ” ಕೇಳಿಸುತ್ತಾ ಹೋಯಿತು.