ಪಾಚಿಗೆ ಮದ್ದು

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಟ್ಟಿಯ ಗಾಜನ್ನು ತಿಕ್ಕಿ ತಿಕ್ಕಿ ದೇವೇಂದ್ರಪ್ಪನ ಅಂಗಿಯ ತೋಳು ಮೊಣಕೈವರೆಗೂ ಒದ್ದೆಯಾಗಿತ್ತು. ಬೆಳಿಗ್ಗೆ ತಿಕ್ಕಿದ ಜಾಗದಲ್ಲೇ ಮಧ್ಯಾಹ್ನಕ್ಕೆ ಮತ್ತೆ ಪಾಚಿಯ ಹಸಿರು ಕೂದಲು ಕಂಡಂತಾಗುತ್ತಿತ್ತು. ಬ್ರಷ್ಷು ಬಿಸಾಡಿ ಕುರ್ಚಿಯಲ್ಲಿ ಕೂತ. ಎದ್ದ. ಮೀನಿನ ತೊಟ್ಟಿಯ ದೀಪ ಆರಿಸಿದ, ಮತ್ತೆ ಹಚ್ಚಿದ, ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದ. ವಿಶ್ರಾಂತಿ ಎಂದರೆ ಇದೇ ಆದರೆ ಅದಕ್ಕಿಂತ ಗದ್ದೆ ನಾಟಿ ಮಾಡುವುದೇ ಹಗುರ ಅನ್ನಿಸಿತು.

ಗಂಗಾವತಿಯ ಗೊಬ್ಬರದಂಗಡಿಯಲ್ಲಿ ಅವನು ಅರ್ಧ ಆಯುಷ್ಯ ಕೂತಿದ್ದ ಎಂದರೆ ಸುಳ್ಳಾಗುತ್ತದೆ, ನಿಂತೇ ಇದ್ದ. ಎದೆಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಅಂಗಡಿ ಬಿಡಿಸಿದರು. ಅಂಗಡಿಗೆ ಹೆಂಡತಿ ವಿರೂಪಾಕ್ಷಮ್ಮ ಹೋಗತೊಡಗಿದಳು. ಆಸ್ಪತ್ರೆಯಲ್ಲಿ ಕಾಯುತ್ತ ಕೂತಾಗ ಅಲ್ಲಿನ ಗಾಜಿನ ತೊಟ್ಟಿಯ ಮೀನು ನೋಡಿ ತನ್ನ ಎದೆ ತಣ್ಣಗಾಯಿತೆಂದು ಆಕೆಯೇ ಹೊಸಪೇಟೆಯಲ್ಲಿ ಸಾಕುಮೀನು ಮಾರುವ ಮುನವ್ವರನಿಂದ ಈ ಸಮುದ್ರದ ತೊಟ್ಟಿ ತರಿಸಿದ್ದಳು. ಉಪ್ಪಿನ ಪುಡಿ ಕಲಸಿದ ನೀರು, ಒಂದಷ್ಟು ಕಲ್ಲು, ಬಸವನಹುಳ, ಎರಡು ಕೇಸರಿ ಮೀನು, ಬೆನ್ನ ಮೇಲೆ ಬಿಳಿ ಗೆರೆಯಿದ್ದ ಒಂದು ಕೆಂಪು ಸಿಗಡಿ. ಗಂಡ ಇದನ್ನು ನೋಡುತ್ತ ಸುಮ್ಮನೆ ಕೂತಿರಲಿ ಎನ್ನುವುದು ಆಕೆಯ ಲೆಕ್ಕ. ಸುಮ್ಮನೆ ಕೂರುವ ಜಾತಕ ಅವನದಾಗಿರಲಿಲ್ಲ.

ಫೋನು ಹಚ್ಚಿದ. "ಏನ್ ಹಾಕಲಿ ಹೇಳೋ ಮುನವ್ವರ. ಕಲ್ಲೆಲ್ಲ ಹಸಿರಾಗಿ ಕುಂತೈತಿ."

"ಏನೂ ಹಾಕಬ್ಯಾಡ್ರಿ ಸಾವ್ಕಾರ್ರ. ದೀಪ ಕಮ್ಮಿ ಹಚ್ರಿ, ಮೀನಿಗೆ ಊಟ ಕಮ್ಮಿ ಹಾಕ್ರಿ, ನೀರು ಒಂಚೂರು ಒಂಚೂರು ಬದಲು ಮಾಡ್ರಿ. ಪಾಚಿಗೆ ಎಲ್ಲಿಂದಲೋ ಊಟ ಸಿಗಾಕತ್ತೈತಿ. ಅದನ್ನ ಹುಡುಕ್ರಿ."

"ಮದ್ದು ಹೇಳೋ ಅಂದ್ರ..."

"ಮದ್ದು ಇಲ್ರಿ ಇದಕ್ಕ. ತಡಕೊಂಡ್ರ ತಿಂಗಳೊಪ್ಪತ್ತಿನ್ಯಾಗ ತಾನ ಹೋಗತೈತಿ."

ಮದ್ದಿಲ್ಲ ಎನ್ನುವ ಮಾತು ಅವನಿಗೆ ಬೈಗುಳದಂತೆ ಕೇಳಿಸಿತು. ಅಂಗಡಿಗೆ ಬಂದ ಯಾವ ರೈತನನ್ನೂ ಅವನು ಬರಿಗೈಯಲ್ಲಿ ಕಳಿಸಿದವನಲ್ಲ. ಭತ್ತ ಹಳದಿಯಾದರೆ ಒಂದು ಪುಡಿ, ಗರಿ ಸುತ್ತಿದರೆ ಒಂದು ಬಾಟಲಿ. ತಡಕೋ ಎಂದು ಹೇಳಿದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ.

ಆದರೂ ಪಾಚಿಯ ಊಟ ಹುಡುಕಿದ. ನೀರು ಪರೀಕ್ಷಿಸುವ ಪುಟ್ಟ ಬಾಟಲಿಯಲ್ಲಿ ಹನಿ ಹಾಕಿದಾಗ ಕಡುನೀಲಿ ಬಂತು. ಹಾಗೆಂದರೆ ಫಾಸ್ಫೇಟ್. ಡಿಎಪಿ ಗೊಬ್ಬರದಲ್ಲಿ ಇರುವುದೂ ಅದೇ! ಜೀವಮಾನವೆಲ್ಲ ಮೂಟೆಗಟ್ಟಲೆ ಮಾರಿದ್ದು ತನ್ನ ಮನೆಯ ನೀರಿಗೆ ಹೇಗೆ ಬಂತು ಎಂದು ತಲೆ ಕೆರೆದುಕೊಂಡ. ಉತ್ತರ ಅವತ್ತು ಸಂಜೆ ಅಂಗಡಿಯಿಂದ ನಡೆದು ಬಂತು.

ವಿರೂಪಾಕ್ಷಮ್ಮ ಚಪ್ಪಲಿ ಬಿಟ್ಟವಳೇ ಎಂದಿನಂತೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು, ಸೀದಾ ತೊಟ್ಟಿಯ ಮುಂದೆ ಬಂದು ನಿಂತಳು. ಮುಖದ ಮೇಲೆ ಇಡೀ ದಿನದ ಧೂಳು, ಹಮಾಲರ ಜೊತೆಗಿನ ಜಗಳ, ಬಿಸಿಲು ಎಲ್ಲ ಕಾಣುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಕೈ ನೀರಿಗಿಳಿಸಿದಳು. "ಬಾರೋ ಕೆಂಪಣ್ಣ."

ಕಲ್ಲಿನ ಸಂದಿಯಿಂದ ಸಿಗಡಿ ಮೀಸೆ ಆಡಿಸುತ್ತ ಬಂತು. ಆಕೆಯ ಬೆರಳ ಮೇಲೆ ಹತ್ತಿ ಉಗುರಿನ ಸಂದಿಯನ್ನು ಕಡ್ಡಿಯಂಥ ಕಾಲಿನಿಂದ ಕೆದಕತೊಡಗಿತು. "ಅಯ್ಯಯ್ಯ, ಕಚಗುಳಿ ಇಡ್ತಾನ ನೋಡ್ರಿ" ಎಂದು ಆಕೆ ಹುಡುಗಿಯಂತೆ ನಕ್ಕಳು. ದೇವೇಂದ್ರಪ್ಪನಿಗೆ ಗೊತ್ತಿತ್ತು, ಇಡೀ ದಿನದಲ್ಲಿ ಆಕೆ ನಗುವುದು ಇದೊಂದೇ ಸಲ. ಅವನ ಎದೆನೋವು ಆಕೆಯ ಉಳಿದ ನಗುವನ್ನೆಲ್ಲ ತಿಂದುಹಾಕಿತ್ತು.

ಆಗಲೇ ಅವನು ಕಂಡದ್ದು. ಒತ್ತೊತ್ತಾಗಿ ಕೂತ ಹಸಿರು ಗಾಜಿನ ಬಳೆಗಳ ನಡುವಿನಿಂದ ಬೂದು ಬಣ್ಣದ ಪುಡಿ ಸಣ್ಣಗೆ ನೀರಿಗೆ ಇಳಿಯುತ್ತಿತ್ತು. ಒಡೆದ ಮೂಟೆಯ ಕಾಳು ಬಾಚಿ ತುಂಬುವಾಗ ಮೆತ್ತಿದ ಗೊಬ್ಬರ. ಸೋಪು ಅಂಗೈಗೆ ಮುಟ್ಟಿತ್ತು, ಬಳೆಗಳ ಒಳಗೆ ಹೋಗಿರಲಿಲ್ಲ.

ಅವನನ್ನು ಆಸ್ಪತ್ರೆಯಿಂದ ಕರೆತಂದ ದಿನ ಆಕೆ ಬಳೆಗಾರ್ತಿಯನ್ನು ಮನೆಗೇ ಕರೆಸಿ ಎರಡೂ ಕೈಗೆ ಮೊಣಕೈ ಹತ್ತಿರದವರೆಗೆ ಬಳೆ ಇಡಿಸಿಕೊಂಡಿದ್ದಳು. ಗಂಡ ಉಳಿದದ್ದಕ್ಕೆ ಹೊತ್ತ ಹರಕೆ. ಆ ಬಳೆ ತೆಗೆದು ಕೈ ತೊಳಿ ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೂ ಆಕೆ ಬಳೆ ತೆಗೆಯುವವಳಲ್ಲ, ತೊಟ್ಟಿಯ ಕಡೆಗೆ ತಲೆ ಹಾಕುವುದನ್ನೇ ಬಿಡುತ್ತಾಳೆ. ಡಾಕ್ಟರು ಅವನಿಗೆ ಉಪ್ಪು ಕಡಿಮೆ ಮಾಡಿ ಎಂದದ್ದಕ್ಕೆ ತಾನೂ ಉಪ್ಪಿನಕಾಯಿ ಬಿಟ್ಟವಳು. ಆಕೆಯ ಕೈ ನೀರಿನಲ್ಲಿ ಇರಲೇಬೇಕು, ಪಾಚಿಯೂ ಹೋಗಬೇಕು. ಹಾಗಾದರೆ ಮದ್ದೇ ಗತಿ ಎಂದು ಅವನು ತೀರ್ಮಾನಿಸಿದ. ಅದರಲ್ಲಿ ಪ್ರೀತಿ ಎಷ್ಟಿತ್ತು, ಕೈ ತುರಿಕೆ ಎಷ್ಟಿತ್ತು ಎಂದು ಬೇರೆ ಮಾಡಿ ನೋಡುವ ವ್ಯವಧಾನ ಅವನಿಗಿರಲಿಲ್ಲ.

ಮರುದಿನ ತಂಗಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ವಿರೂಪಾಕ್ಷಮ್ಮ ಹನುಮಸಾಗರಕ್ಕೆ ಹೊರಟಳು. "ಅಂಗಡಿ ಕಡೆ ಕಾಲು ಹಾಕೀರಿ ಮತ್ತ" ಎಂದು ಬೆದರಿಸಿದಳು. "ಕೆಂಪಣ್ಣಗ ಹೊತ್ತಿಗೆ ಸರಿಯಾಗಿ ಊಟ ಹಾಕ್ರಿ."

ಬಸ್ಸು ಊರು ದಾಟಿತೋ ಇಲ್ಲವೋ, ದೇವೇಂದ್ರಪ್ಪ ಹಿತ್ತಲ ಕೋಣೆಯ ಹಳೇ ದಾಸ್ತಾನು ಕೆದಕಿ ಮೈಲುತುತ್ತದ ಪೊಟ್ಟಣ ತೆಗೆದ. ಕಾಲುವೆ ನೀರಿನ ಗದ್ದೆಗಳಲ್ಲಿ ಪಾಚಿ ಕಟ್ಟಿದಾಗ ಎಲ್ಲರೂ ಮಾಡುವುದು ಇದನ್ನೇ. ನೀಲಿ ಹರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಬೀಳುವ ಬಾಯಿಗೆ ಇಟ್ಟರೆ ತಾನೇ ಕರಗಿ ಗದ್ದೆಯೆಲ್ಲ ಹರಡುತ್ತದೆ. ಅವನು ಹಳೇ ಪಂಚೆ ಹರಿದು ಚಿಕ್ಕ ಗಂಟು ಕಟ್ಟಿ ಫಿಲ್ಟರಿನ ನೀರು ಬೀಳುವಲ್ಲಿ ತೂಗಿಬಿಟ್ಟ. ಬಹಳ ದಿನಗಳ ಮೇಲೆ ಕೈಗೆ ಒಂದು ಕೆಲಸ ಸಿಕ್ಕಂತಾಗಿ ಸೀಟಿ ಹಾಕಿದ.

ಪಾಚಿ ಮಾತು ಕೇಳಿತು. ಬಿಳಿಚಿಕೊಂಡು ಕಲ್ಲು ಬಿಟ್ಟು ಏಳತೊಡಗಿತು. ಆದರೆ ಸಿಗಡಿ ಹುಚ್ಚು ಹಿಡಿದಂತೆ ಗಾಜಿನಿಂದ ಗಾಜಿಗೆ ಹಾರುತ್ತಿತ್ತು. ಬಸವನಹುಳಗಳು ಪಟಪಟ ಉದುರಿ ಮರಳಿನ ಮೇಲೆ ಬಿದ್ದವು. ಆಗ ದೇವೇಂದ್ರಪ್ಪನಿಗೆ ತನ್ನದೇ ದನಿ ಕೇಳಿಸಿತು: "ತಗೊಂಡು ಹೋಗೋ ಯಮನೂರ, ಗದ್ಯಾಗಿನ ಬಸವನಹುಳಕ್ಕೂ ಇದ ಮದ್ದು." ಅಂಗಡಿಯಲ್ಲಿ ನಿಂತು ಎಷ್ಟು ರೈತರಿಗೆ ಹೇಳಿದ್ದನೋ. ಗಂಟು ಕಿತ್ತೆಸೆದ, ಬಕೆಟ್ಟುಗಟ್ಟಲೆ ನೀರು ಹೊತ್ತು ಬದಲಿಸಿದ, ಎದೆ ಹಿಡಿದುಕೊಂಡು ಕೂತ, ಮತ್ತೆ ಎದ್ದ. ಸಂಜೆಯೊಳಗೆ ಕೆಂಪು ಸಿಗಡಿ ಕಲ್ಲಿನ ಬುಡದಲ್ಲಿ ಒರಗಿತ್ತು. ಅದನ್ನು ಎತ್ತಿ ತೆಗೆಯಲು ಅವನಿಗೆ ಕೈ ಬರಲಿಲ್ಲ.

ವಿರೂಪಾಕ್ಷಮ್ಮ ಬಂದಾಗ ಉಳಿದ ಪಾಚಿಯನ್ನೂ ಅವನು ತಿಕ್ಕಿ ತೆಗೆದಿದ್ದ. ತೊಟ್ಟಿ ಹೊಸದಾಗಿ ತಂದ ದಿನದಂತೆ ಹೊಳೆಯುತ್ತಿತ್ತು. ಚೀಲ ಕೆಳಗಿಟ್ಟು ಆಕೆ ಕಣ್ಣರಳಿಸಿದಳು. "ಏನ್ ಛಂದ ಮಾಡೀರ್ರಿ! ಕಡೀಕೂ ನಿಮ್ಮ ಕೈಲೆ ಆತಲ್ಲ." ಆಮೇಲೆ ಬಗ್ಗಿ ನೋಡಿದಳು. "ಅಯ್ಯ, ಕೆಂಪಣ್ಣ ಪೊರಿ ಬಿಟ್ಟಾನ."

ಅವನು ತೊಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಮುಖ ಯಾಕ ಹಂಗ ಮಾಡೀರಿ? ಸತ್ತಾನ ಅಂತ ತಿಳಕೊಂಡ್ರೇನು? ಹೋದ ಸಲಾನೂ ಹಿಂಗ ಬಿಟ್ಟಿದ್ದಲ್ರಿ. ಸಿಪ್ಪಿ ಇಲ್ಲಿ ಇಟ್ಟು ತಾ ಎಲ್ಲೋ ಅಡಗಿ ಕುಂತಿರ್ತಾನ. ಗಾಬರಿ ಆಗಬ್ಯಾಡ್ರಿ, ಎದಿಗೆ ಛಲೋ ಅಲ್ಲ." ಸೆರಗು ಸಿಕ್ಕಿಸಿ ಕೈ ಇಳಿಸಿದಳು. ಬಳೆಗಳು ಗಾಜಿಗೆ ತಾಗಿ ಸದ್ದಾಯಿತು. "ಬಾರೋ. ನಾ ಬಂದೀನಿ."

ಕೇಸರಿ ಮೀನುಗಳು ದೂರದಲ್ಲೇ ಸುಳಿದಾಡಿದವು. ಆಕೆ ಬೆರಳು ಅಲ್ಲಾಡಿಸಿದಳು, ಕಲ್ಲಿನ ಸಂದಿಗೆ ಇನ್ನಷ್ಟು ಹತ್ತಿರ ಒಯ್ದಳು. ಅವನಿಗೆ ನೋಡಲಾಗಲಿಲ್ಲ.

"ಕೈ ತಗಿ."

"ತಡೀರಿ, ಬರ್ತಾನ."

"ಬರಂಗಿಲ್ಲ ಅಂವ. ನಾ ಮೈಲುತುತ್ತ ಹಾಕೀನಿ."

ಆಕೆ ತಿರುಗಲಿಲ್ಲ. ಇಷ್ಟು ದಿನ ಅಂಗಡಿಯಲ್ಲಿ ಕೂತವಳಿಗೆ ಅದು ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. "ಯಾಕ್ರಿ?" ಎಂದಳು.

ಕಾರಣ ಅವನ ಕಣ್ಣೆದುರೇ ನೀರಿನಲ್ಲಿತ್ತು, ಹಸಿರಾಗಿ, ಮಣಿಕಟ್ಟಿನಿಂದ ಮೇಲಕ್ಕೆ ಸಾಲಾಗಿ. ಒಂದು ಮಾತು ಹೇಳಿದ್ದರೆ ಅವನ ಭಾರ ಅರ್ಧ ಇಳಿಯುತ್ತಿತ್ತು.

"ಸುಮ್ಮನ ಕುಂದ್ರಾಕ ಆಗಲಿಲ್ಲ" ಎಂದ.

"ಆಗಂಗಿಲ್ಲ ನಿಮಗ. ನನಗ ಗೊತ್ತಿಲ್ಲೇನು." ಆಕೆಯ ದನಿ ಒಡೆಯಿತು. "ನಾಳಿಂದ ಅಂಗಡಿಗೆ ಬಂದುಬಿಡ್ರಿ. ನಿಮ್ಮನ್ನ ಮನ್ಯಾಗ ಬಿಟ್ರ ಆ ಎರಡು ಮೀನನ್ನೂ ಉಳಸಂಗಿಲ್ಲ."

ಈ ಒಂದು ಮಾತಿಗಾಗಿ ಅವನು ತಿಂಗಳುಗಟ್ಟಲೆ ಆಕೆಯ ಬೆನ್ನು ಹತ್ತಿದ್ದ, ಮುನಿಸಿಕೊಂಡಿದ್ದ, ಊಟ ಬಿಟ್ಟಿದ್ದ. ಈಗ ಒಳಗೆ ಹೋಗಿ ಒಣಗಿದ ಟವೆಲ್ ತಂದು ಆಕೆಯ ಪಕ್ಕ ನಿಂತ. ಆಕೆ ಕೈ ಇನ್ನೂ ಮೇಲೆತ್ತಿರಲಿಲ್ಲ. ದೇವೇಂದ್ರಪ್ಪ ಟವೆಲ್ ಬಿಚ್ಚಿ ಹಿಡಿದುಕೊಂಡು, ಅಲ್ಲಾಡದೆ ನಿಂತೇ ಇದ್ದ.